ಆಫ್ ಮಾಡಿ ಆನ್ ಮಾಡಮ್ಮ ಅಂದಿದ್ದೆ

ಕಳೆದ ವರ್ಷ ಕಾರ್ತಿಕ ಮಾಸದ ಒಂದು ಸೋಮವಾರ. ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್‌ನಲ್ಲಿದ್ದೆ. ಅಮ್ಮನ ಫೋನ್ ಬಂತು. ಕ್ಲಾಸಿನ ಹೊತ್ತಲ್ಲಿ ಅಮ್ಮ ಸುಮ್ಮಸುಮ್ಮನೆ ಫೋನ್ ಮಾಡುವವಳಲ್ಲ. ಮೇಡಂ ಕಣ್ಣು ತಪ್ಪಿಸಿ ಹೊರಗೆ ಬಂದು ಎತ್ತಿದೆ.

‘ಲೇ, ಸಿಸ್ಟಮ್ ಬೆಳಿಗ್ಗೆಯಿಂದ ಒದ್ದಾಡ್ತಿತ್ತು ಕಣೆ. ಈಗ ನೋಡಿದ್ರೆ ಫೈಲ್ ಹೆಸರಿನ ಕೊನೆಗೆ ಏನೇನೋ ಅಕ್ಷರ ಸೇರ್ಕೊಂಡಿದೆ. ಒಂದೂ ಓಪನ್ ಆಗ್ತಿಲ್ಲ. ಏನ್ ಮಾಡ್ಲಿ?’

ಅಮ್ಮ ತುಮಕೂರಿನ ಒಂದು ಖಾಸಗಿ ಆಸ್ಪತ್ರೆಯ ತುರ್ತು ವಿಭಾಗದ ಕೌಂಟರಿನಲ್ಲಿ ಕೂರುತ್ತಾಳೆ. ಬಂದವರ ಹೆಸರು, ವಯಸ್ಸು ಬರೆದುಕೊಳ್ಳುವುದು, ಆಸ್ಪತ್ರೆಯ ಎರಡು ಆಂಬುಲೆನ್ಸ್‌ಗಳಿಗೆ ಕರೆ ಬಂದರೆ ಚಾಲಕರಿಗೆ ತಿಳಿಸುವುದು, ಅಪಘಾತದ ಕೇಸ್ ಆದರೆ ಎಂಎಲ್‌ಸಿ ರಿಜಿಸ್ಟರ್ ತುಂಬುವುದು, ಎಲ್ಲ ಅವಳದೇ. ಮಗಳು ಕಂಪ್ಯೂಟರ್ ಸೈನ್ಸ್ ಓದುತ್ತಿದ್ದಾಳೆ ಅನ್ನುವ ಹೆಮ್ಮೆ ಬೇರೆ. ಆಸ್ಪತ್ರೆಗೆ ಕಂಪ್ಯೂಟರ್ ನೋಡಿಕೊಳ್ಳುವ ಒಬ್ಬರು ಇದ್ದಾರೆ, ವಾರಕ್ಕೆ ಎರಡು ದಿನ ಬರುತ್ತಾರೆ. ಸೋಮವಾರ ಅವರ ದಿನವಲ್ಲ.

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ‘ಆಫ್ ಮಾಡಿ ಆನ್ ಮಾಡಮ್ಮ, ಸರಿಹೋಗುತ್ತೆ’ ಅಂದೆ. ಫೋನ್ ಇಟ್ಟು ಒಳಗೆ ಹೋಗಿ ಲಿಂಕ್ಡ್ ಲಿಸ್ಟ್ ಬರೆದೆ.

ಅಮ್ಮ ಹೇಳಿದ್ದು ರ‍್ಯಾನ್ಸಮ್‌ವೇರ್ ದಾಳಿಯ ಲಕ್ಷಣ. ಪುಸ್ತಕದಲ್ಲಿ ಇದ್ದ ಹಾಗೇ, ಒಂದು ಅಕ್ಷರವೂ ಬಿಡದೆ ಹೇಳಿದ್ದಳು. ನಾನು ಹೇಳಿದ್ದು ಅಂಥ ಹೊತ್ತಿನಲ್ಲಿ ಮಾಡಬಾರದ ಕೆಲಸ.

ಅಮ್ಮ ರೀಸ್ಟಾರ್ಟ್ ಮಾಡಿದಳು. ಮತ್ತೆ ಆನ್ ಆಗುವ ಹೊತ್ತಿಗೆ ಪರದೆ ತುಂಬಾ ಇಂಗ್ಲಿಷ್‌ನಲ್ಲಿ ದುಡ್ಡು ಕೇಳುವ ಸೂಚನೆ. ಅರ್ಧ ಗಂಟೆಯಲ್ಲಿ ಪಕ್ಕದ ಬಿಲ್ಲಿಂಗ್ ಕೌಂಟರ್, ಲ್ಯಾಬ್, ಸಿ.ಟಿ. ಸ್ಕ್ಯಾನ್ ಚಿತ್ರಗಳನ್ನು ವೈದ್ಯರ ಪರದೆಗೆ ಕಳಿಸುವ ಕಂಪ್ಯೂಟರ್, ಒಂದೊಂದೇ ಕೈಕೊಟ್ಟವು. ಬ್ಯಾಕಪ್ ಇತ್ತು. ಅದೇ ಕಂಪ್ಯೂಟರಿಗೆ ಚುಚ್ಚಿದ್ದ ಹಾರ್ಡ್‌ಡಿಸ್ಕ್‌ನಲ್ಲಿ. ಅದೂ ಹೋಯಿತು.

ಆ ಹೊತ್ತಿಗೆ ಆಸ್ಪತ್ರೆಯ ಒಂದು ಆಂಬುಲೆನ್ಸ್ ಗುಬ್ಬಿ ಕಡೆಯಿಂದ ಬರುತ್ತಿತ್ತು. ಒಳಗೆ ಅಡಿಕೆ ಕೊಯ್ಯಲು ಮರ ಹತ್ತಿ ಬಿದ್ದವರು. ತಲೆಗೆ ಪೆಟ್ಟು. ತಲೆಗೆ ಪೆಟ್ಟಾದವರಿಗೆ ಮೊದಲು ಬೇಕಾದದ್ದೇ ಸಿ.ಟಿ. ಸ್ಕ್ಯಾನ್. ಇಲ್ಲಿ ಅದೇ ಇಲ್ಲ. ಮ್ಯಾನೇಜರ್ ‘ಸರ್ವರ್ ಪ್ರಾಬ್ಲಮ್, ಈಗ ಬರುತ್ತೆ’ ಅನ್ನುತ್ತಲೇ ಇದ್ದರಂತೆ. ಅಮ್ಮ ಕಾಯಲಿಲ್ಲ. ಚಾಲಕರ ನಂಬರುಗಳೆಲ್ಲ ಕಂಪ್ಯೂಟರಿನ ಶೀಟಿನಲ್ಲಿದ್ದವು. ಆದರೆ ಅಮ್ಮನಿಗೆ ಒಂದು ಹಳೆಯ ಅಭ್ಯಾಸ, ಯಾವ ನಂಬರ್ ಬಂದರೂ ಗೋಡೆಯ ಪಂಚಾಂಗದ ಕ್ಯಾಲೆಂಡರಿನ ಹಿಂದೆ ಪೆನ್ನಿನಲ್ಲಿ ಬರೆದಿಡುವುದು. ಅದನ್ನು ತಿರುಗಿಸಿ, ನಂಬರ್ ನೋಡಿ, ತನ್ನದೇ ಫೋನಿನಿಂದ ಚಾಲಕರಿಗೆ ಹೇಳಿದಳು: ‘ಅಣ್ಣ, ಇಲ್ಲಿಗೆ ಬರಬೇಡಿ. ನೇರ ಜಿಲ್ಲಾಸ್ಪತ್ರೆಗೆ ಹೋಗಿ. ಇಲ್ಲಿ ಸ್ಕ್ಯಾನ್ ಇಲ್ಲ.’

ಅವರು ಉಳಿದರು. ಅಮ್ಮನಿಂದಲೇ ಉಳಿದರು ಅಂತ ಹೇಳುವಷ್ಟು ನನಗೆ ವೈದ್ಯಕೀಯ ಗೊತ್ತಿಲ್ಲ. ಆದರೆ ಆ ಗಾಡಿ ಮೊದಲು ಇಲ್ಲಿಗೆ ಬಂದು, ಸ್ಟ್ರೆಚರ್ ಇಳಿಸಿ, ‘ಮೆಷಿನ್ ಇಲ್ಲ’ ಅನ್ನಿಸಿಕೊಂಡು, ಮತ್ತೆ ಹತ್ತಿಸಿ ಹೊರಡುವಷ್ಟರಲ್ಲಿ ಎಷ್ಟು ಹೊತ್ತು ಹೋಗುತ್ತಿತ್ತು ಅನ್ನುವ ಲೆಕ್ಕ ನನ್ನ ತಲೆಯಲ್ಲಿ ಇನ್ನೂ ಓಡುತ್ತಲೇ ಇದೆ.

ಸಂಜೆ ಬಂದ ಎಂಜಿನಿಯರ್ ಅಮ್ಮನಿಗೆ ಒಂದು ಮಾತು ಹೇಳಿದರಂತೆ. ನಿಮ್ಮ ಕಂಪ್ಯೂಟರ್ ಹೇಗಿದ್ದರೂ ಹೋಗುತ್ತಿತ್ತು. ಆದರೆ ಫೈಲ್ ಹೆಸರು ಬದಲಾದದ್ದು ಕಂಡ ಕೂಡಲೇ ಹಿಂದಿನ ನೀಲಿ ಕೇಬಲ್ ಕಿತ್ತಿದ್ದರೆ ಪಕ್ಕದ ಕೋಣೆಯವು ಉಳಿಯುವ ಸಾಧ್ಯತೆ ಇತ್ತು. ಅಮ್ಮ ಮನೆಗೆ ಬಂದು ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಮ್ಮ ಮನೆ ಅಂತರಸನಹಳ್ಳಿಯಲ್ಲಿ. ಒಂದು ಕಡೆ ಕೈಗಾರಿಕಾ ಪ್ರದೇಶ, ಇನ್ನೊಂದು ಕಡೆ ತರಕಾರಿ ಮಾರುಕಟ್ಟೆ, ಪಕ್ಕದಲ್ಲೇ ಬೆಂಗಳೂರು–ಪುಣೆ ಹೆದ್ದಾರಿ. ಬೆಳಗಿನ ಜಾವ ಟೊಮೆಟೊ ಟೆಂಪೊಗಳ ಹಾರ್ನ್, ಆಮೇಲೆ ಫ್ಯಾಕ್ಟರಿ ಬಸ್ಸುಗಳು, ಇವುಗಳ ನಡುವೆ ಯಾವ ಹೊತ್ತಿಗಾದರೂ ಸೈರನ್. ಶಿರಾ ಕಡೆಯಿಂದ ಬರುವ ಆಂಬುಲೆನ್ಸುಗಳು ನಮ್ಮೂರನ್ನು ದಾಟಿಯೇ ತುಮಕೂರು ಸೇರಬೇಕು. 2022ರ ಆಗಸ್ಟ್ 25ರ ಬೆಳಗಿನ ಜಾವ ಇದೇ ಹೆದ್ದಾರಿಯಲ್ಲಿ, ಶಿರಾ ತಾಲ್ಲೂಕಿನಲ್ಲಿ, ಲಾರಿಗೆ ಕ್ರೂಸರ್ ಡಿಕ್ಕಿಯಾಗಿ ರಾಯಚೂರು ಕಡೆಯಿಂದ ಕೂಲಿಗಾಗಿ ಬೆಂಗಳೂರಿಗೆ ಹೊರಟಿದ್ದ ಒಂಬತ್ತು ಜನ ಸತ್ತರು. ಆಗ ನಾನು ಪಿಯುಸಿ. ಆ ದಿನ ನಮ್ಮೂರಲ್ಲಿ ಬೇರೆ ಮಾತೇ ಇರಲಿಲ್ಲ.

ಅದಾಗಿ ಸರಿಯಾಗಿ ಒಂದು ತಿಂಗಳಿಗೆ, ಸೆಪ್ಟೆಂಬರ್ 24ರ ಶನಿವಾರ, ರಾಜ್ಯದ 108 ಸೇವೆ ಮುಗ್ಗರಿಸಿತು. ಮರುದಿನ ಮಹಾಲಯ ಅಮಾವಾಸ್ಯೆ. ಕರೆ ಹೋಗದೆ, ಹೋದರೂ ಗಾಡಿ ಬೇಗ ಸಿಗದೆ ಜನ ಪರದಾಡಿದ ಸುದ್ದಿ ಟಿ.ವಿ.ಯಲ್ಲಿ ಬಂತು. ಸರ್ವರ್‌ನ ಮದರ್‌ಬೋರ್ಡ್‌ನಲ್ಲಿ ದೋಷ ಎಂದು ಸರ್ಕಾರ ಹೇಳಿತು. ಸಾಫ್ಟ್‌ವೇರ್ ಕೆಲಸ ಮಾಡದೆ ಸಿಬ್ಬಂದಿ ಕೈಯಲ್ಲೇ ವಿವರ ಬರೆದುಕೊಂಡು ಆಂಬುಲೆನ್ಸ್ ಕಳಿಸಬೇಕಾಯಿತು. ದಿನಕ್ಕೆ ಸಾವಿರಾರು ಕರೆ ಬರುವ ಜಾಗದಲ್ಲಿ ಕೈಬರಹ ಎಷ್ಟು ನಿಧಾನ ಅಂತ ಊಹಿಸಿಕೊಳ್ಳಿ.

2008ರ ನವೆಂಬರ್ 1ರಂದು ‘ಆರೋಗ್ಯ ಕವಚ’ ಅನ್ನುವ ಹೆಸರಲ್ಲಿ ಶುರುವಾದ ಈ ಸೇವೆ ನಮ್ಮ ತಲೆಮಾರಿಗೆ ಎಷ್ಟು ಸಹಜವಾಗಿದೆ ಅಂದರೆ, ಅದರ ಹಿಂದೆ ಏನಿದೆ ಅಂತ ಯಾರೂ ಕೇಳುವುದಿಲ್ಲ. ಗುಬ್ಬಿಯ ಹಳ್ಳಿಯಿಂದ ಮಾಡಿದ ಕರೆ ಬೆಂಗಳೂರಿನ ಕಾಲ್ ಸೆಂಟರಿಗೆ ಹೋಗುತ್ತಿತ್ತು. ಅಲ್ಲಿ ಒಬ್ಬರು ಎಲ್ಲಿ, ಏನಾಯಿತು, ಎಷ್ಟು ಜನಕ್ಕೆ ಅಂತ ಕೇಳಿ ಟೈಪ್ ಮಾಡುತ್ತಾರೆ. ಇನ್ನೊಬ್ಬರು ಜಿಪಿಎಸ್ ನೋಡಿ ಹತ್ತಿರದ ಗಾಡಿಗೆ ತಿಳಿಸುತ್ತಾರೆ. ಗಾಡಿಯಲ್ಲಿ ಪೈಲಟ್ (ಚಾಲಕರನ್ನು ಅಲ್ಲಿ ಹಾಗೇ ಕರೆಯುವುದು) ಮತ್ತು ಇಎಂಟಿ, ಅಂದರೆ ತುರ್ತು ಚಿಕಿತ್ಸೆಯ ತರಬೇತಿ ಪಡೆದವರು. ಟೆಲಿಫೋನ್ ಲೈನ್, ಸಾಫ್ಟ್‌ವೇರ್, ಜಿಪಿಎಸ್, ಗಾಡಿಯೊಳಗಿನ ಮೊಬೈಲ್, ಕೊನೆಗೆ ಆಸ್ಪತ್ರೆಯ ಕಂಪ್ಯೂಟರ್. ಸರಪಳಿಯ ಇಷ್ಟು ಕೊಂಡಿಗಳಲ್ಲಿ ಒಂದು ಕಳಚಿದರೂ ರಸ್ತೆಯಲ್ಲಿ ಬಿದ್ದವನಿಗೆ ಆಗುವುದು ಒಂದೇ, ಗಾಡಿ ತಡ.

2022ರಲ್ಲಿ ನಮ್ಮ ರಾಜ್ಯದಲ್ಲಿ ಆದದ್ದು ದಾಳಿಯಲ್ಲ, ಯಂತ್ರದ ದೋಷ. ಅದನ್ನು ಸ್ಪಷ್ಟವಾಗಿ ಹೇಳಬೇಕು. ಆದರೆ ನಾನು ಅದನ್ನೇ ಹಿಡಿದು ಕೂತಿದ್ದಕ್ಕೆ ಕಾರಣ ಇದೆ. ಮೊದಲ ಅರ್ಧ ಗಂಟೆಯಲ್ಲಿ ದೋಷ ಯಾವುದು, ದಾಳಿ ಯಾವುದು ಅಂತ ಕೌಂಟರಿನಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ. ಎರಡೂ ಒಂದೇ ವೇಷದಲ್ಲಿ ಬರುತ್ತವೆ: ‘ಸಿಸ್ಟಮ್ ಸ್ಲೋ’. ಎಲ್ಲ ಕಚೇರಿಗಳಲ್ಲೂ ದಿನಕ್ಕೆ ಹತ್ತು ಸಲ ಕೇಳುವ ಮಾತು ಇದು. ಹಾಗಾಗಿಯೇ ಯಾರ ಕಿವಿಗೂ ಬೀಳುವುದಿಲ್ಲ.

ಆ ಘಟನೆಯ ನಂತರ ಪರೀಕ್ಷೆಗೆ ಓದುವುದನ್ನು ಬಿಟ್ಟು ಇದನ್ನೇ ಓದಿದೆ. (ಆ ಸೆಮಿಸ್ಟರಿನ ಗಣಿತದ ಅಂಕ ಕೇಳಬೇಡಿ.) ಓದಿದ್ದರಲ್ಲಿ ಮನಸ್ಸಿನಿಂದ ಹೋಗದೆ ಉಳಿದದ್ದು ಜರ್ಮನಿಯ ಡ್ಯುಸೆಲ್‌ಡಾರ್ಫ್‌ನ ಕಥೆ. 2020ರ ಸೆಪ್ಟೆಂಬರ್ 10ರಂದು ಅಲ್ಲಿನ ವಿಶ್ವವಿದ್ಯಾಲಯ ಆಸ್ಪತ್ರೆಯ ಸುಮಾರು 30 ಸರ್ವರ್‌ಗಳಿಗೆ ಬೀಗ ಬಿತ್ತು. ತುರ್ತು ವಿಭಾಗ ಹೊಸಬರನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. 78 ವರ್ಷದ ಒಬ್ಬ ಮಹಿಳೆಯನ್ನು ಕರೆತರುತ್ತಿದ್ದ ಆಂಬುಲೆನ್ಸ್ ಸುಮಾರು 30 ಕಿ.ಮೀ. ದೂರದ ವುಪರ್ಟಾಲ್ ಊರಿಗೆ ತಿರುಗಬೇಕಾಯಿತು. ನಮ್ಮ ಲೆಕ್ಕದಲ್ಲಿ ತುಮಕೂರಿನಿಂದ ಗುಬ್ಬಿ ದಾಟಿ ನಿಟ್ಟೂರಿನ ಹತ್ತಿರ ಹೋದಷ್ಟು ದೂರ. ಚಿಕಿತ್ಸೆ ಶುರುವಾಗಲು ಸುಮಾರು ಒಂದು ಗಂಟೆ ತಡವಾಯಿತು. ಆಕೆ ಉಳಿಯಲಿಲ್ಲ.

ದಾಳಿಕೋರರು ಬಿಟ್ಟುಹೋಗಿದ್ದ ಪತ್ರದಲ್ಲಿ ಇದ್ದದ್ದು ಆಸ್ಪತ್ರೆಯ ಹೆಸರಲ್ಲ, ವಿಶ್ವವಿದ್ಯಾಲಯದ್ದು. ಅವರು ವಿಳಾಸ ತಪ್ಪಿದ್ದರು! ಪೊಲೀಸರು ಸಂಪರ್ಕಿಸಿ ‘ನೀವು ಹೊಡೆದದ್ದು ಆಸ್ಪತ್ರೆಗೆ, ರೋಗಿಗಳ ಜೀವಕ್ಕೆ ಅಪಾಯವಿದೆ’ ಎಂದಾಗ ದುಡ್ಡು ಕೇಳದೆ ಬೀಗದ ಕೈ ಕೊಟ್ಟು ಮಾಯವಾದರು. ಮುಂದೆ ತನಿಖೆ ನಡೆದು, ಆಕೆಯ ಸ್ಥಿತಿ ಮೊದಲೇ ಅಷ್ಟು ಗಂಭೀರವಾಗಿತ್ತು, ಸಾವಿಗೆ ದಾಳಿಯೇ ಕಾರಣ ಎಂದು ಕಾನೂನಿನ ಪ್ರಕಾರ ಹೇಳಲಾಗದು ಎಂದು ಅಧಿಕಾರಿಗಳು ಆ ಭಾಗವನ್ನು ಮುಚ್ಚಿದರು. ಸುದ್ದಿಗಳಲ್ಲಿ ‘ಸೈಬರ್ ದಾಳಿಯಿಂದ ಮೊದಲ ಸಾವು’ ಅಂತ ಇವತ್ತಿಗೂ ಬರೆಯುವವರಿದ್ದಾರೆ. ಅದು ಸರಿಯಲ್ಲ. ಆದರೆ ಆ ಒಂದು ಗಂಟೆ ಸುಳ್ಳಲ್ಲವಲ್ಲ.

ಬೀಗ ಬೀಳುವ ದಿನಕ್ಕೂ ಕಳ್ಳ ಒಳಗೆ ಬಂದ ದಿನಕ್ಕೂ ತುಂಬ ಅಂತರ ಇರುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಐರ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಒಬ್ಬ ಸಿಬ್ಬಂದಿ ಇಮೇಲ್‌ಗೆ ಅಂಟಿಕೊಂಡು ಬಂದ ಎಕ್ಸೆಲ್ ಫೈಲ್ ತೆರೆದದ್ದು 2021ರ ಮಾರ್ಚ್ 18ರಂದು. ದೇಶದ ಆಸ್ಪತ್ರೆಗಳೆಲ್ಲ ಕಾಗದ, ಪೆನ್ನಿಗೆ ಇಳಿದದ್ದು ಮೇ 14ರಂದು. ಎಂಟು ವಾರ! ನಡುವೆ, ಮಾರ್ಚ್ 31ರಂದು, ಆ ಕಂಪ್ಯೂಟರಿನ ಆ್ಯಂಟಿವೈರಸ್ ಕಳ್ಳನ ಉಪಕರಣಗಳನ್ನು ಗುರುತಿಸಿತ್ತು ಕೂಡ. ಆದರೆ ಅದನ್ನು ಬರೀ ನೋಡುವಂತೆ ಇಟ್ಟಿದ್ದರು, ತಡೆಯುವಂತೆ ಇಟ್ಟಿರಲಿಲ್ಲ. ನಾಯಿ ಬೊಗಳಿತು, ಯಾರೂ ಎದ್ದು ನೋಡಲಿಲ್ಲ.

ನಮ್ಮ ದೇಶದ ಉದಾಹರಣೆ ದೆಹಲಿಯ ಏಮ್ಸ್. 2022ರ ನವೆಂಬರ್ 23ರ ಬೆಳಿಗ್ಗೆ ಇ–ಹಾಸ್ಪಿಟಲ್ ಕೆಲಸ ನಿಲ್ಲಿಸಿತು. ತುರ್ತು ವಿಭಾಗ, ಹೊರರೋಗಿ ವಿಭಾಗ, ಲ್ಯಾಬ್ ಎಲ್ಲ ಕೈಬರಹಕ್ಕೆ ಇಳಿದವು. ಐದು ಸರ್ವರ್, ಸುಮಾರು 1.3 ಟೆರಾಬೈಟ್ ಮಾಹಿತಿಗೆ ಬೀಗ ಬಿದ್ದಿತ್ತು ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಸರಿಹೋಗಲು ಸುಮಾರು ಎರಡು ವಾರ ಬೇಕಾಯಿತು. ಜಾಲವನ್ನು ಸರಿಯಾಗಿ ಭಾಗ ಮಾಡಿರದಿದ್ದದ್ದು ಕಾರಣಗಳಲ್ಲಿ ಒಂದು ಎಂದೂ ಸರ್ಕಾರವೇ ಹೇಳಿತು. ಇದನ್ನು ಓದಿದಾಗ ಅಮ್ಮನ ಆಸ್ಪತ್ರೆಯೇ ಕಣ್ಣಮುಂದೆ ಬಂತು. ಬಿಲ್ಲಿಂಗ್, ಲ್ಯಾಬ್, ಸ್ಕ್ಯಾನ್, ಆಂಬುಲೆನ್ಸ್ ಪಟ್ಟಿ, ಡಾಕ್ಟರ ಮಗ ಗೇಮ್ ಆಡುವ ಲ್ಯಾಪ್‌ಟಾಪ್, ಎಲ್ಲವೂ ಒಂದೇ ವೈಫೈ. ಊರಿಗೆಲ್ಲ ಒಂದೇ ಕೆರೆ ಇದ್ದ ಹಾಗೆ, ಒಬ್ಬ ವಿಷ ಹಾಕಿದರೆ ಸಾಕು.

ಆಂಬುಲೆನ್ಸ್ ಕಳಿಸುವ ಕೇಂದ್ರಕ್ಕೇ ಹೊಡೆದದ್ದೂ ಇದೆ. 2018ರ ಮಾರ್ಚ್ 25ರಂದು ಅಮೆರಿಕದ ಬಾಲ್ಟಿಮೋರ್ ನಗರದ 911 ಕೇಂದ್ರದಲ್ಲಿ ಗಾಡಿಗಳನ್ನು ಹಂಚುವ ಸಾಫ್ಟ್‌ವೇರ್ ಸುಮಾರು 17 ಗಂಟೆ ನಿಂತುಹೋಯಿತು. ಒಳಗೆ ದಾರಿ ಸಿಕ್ಕದ್ದು ಹೇಗೆ? ಬೇರೇನೋ ತೊಂದರೆ ಸರಿಪಡಿಸಲು ಹೋದ ತಂತ್ರಜ್ಞರೊಬ್ಬರು ಫೈರ್‌ವಾಲ್‌ನಲ್ಲಿ ಮಾಡಿದ ಬದಲಾವಣೆಯಿಂದ ಒಂದು ಬಾಗಿಲು ತೆರೆದೇ ಉಳಿದಿತ್ತು. ಆದರೂ ಅಲ್ಲಿ ಕರೆಗಳು ನಿಲ್ಲಲಿಲ್ಲ. ಸಿಬ್ಬಂದಿ ವಿವರಗಳನ್ನು ಕೈಯಲ್ಲೇ ದಾಟಿಸಿ ಗಾಡಿ ಕಳಿಸಿದರು. ಆ ನಗರದ ಸುದ್ದಿ ಓದುವಾಗ ನನಗೆ ಕಂಡದ್ದು ಹ್ಯಾಕರ್ ಅಲ್ಲ, ಪೆನ್ನು ಹಿಡಿದು ಕೂತ ಆ ಸಿಬ್ಬಂದಿ.

ಇನ್ನೊಂದು ನಮ್ಮ ವಯಸ್ಸಿನವರು ಕೇಳಲೇಬೇಕಾದ ಕಥೆ. 2016ರ ಅಕ್ಟೋಬರ್. ಅರಿಜೋನಾದ 18 ವರ್ಷದ ಹುಡುಗನೊಬ್ಬ ಐಫೋನಿನಲ್ಲಿ ದೋಷ ಹುಡುಕಿ ಬಹುಮಾನ ಪಡೆಯುವ ಆಸೆಯಲ್ಲಿದ್ದ. ಒತ್ತಿದವರ ಫೋನ್ ತಾನಾಗಿಯೇ ಮತ್ತೆ ಮತ್ತೆ 911ಕ್ಕೆ ಕರೆ ಮಾಡುವಂಥ ಒಂದು ಲಿಂಕ್ ತಯಾರಿಸಿದ್ದ. ಅದು ಟ್ವಿಟರ್‌ಗೆ ಹೋಯಿತು, ಸಾವಿರಕ್ಕೂ ಹೆಚ್ಚು ಸಲ ಜನ ಒತ್ತಿದರು. ಒಂದು ಸಣ್ಣ ಊರಿನ ಪೊಲೀಸ್ ಕೇಂದ್ರಕ್ಕೆ ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಕರೆ, ಎತ್ತಿದರೆ ಕಟ್. ‘ತಮಾಷೆಗೆ ಮಾಡಿದ್ದು, ತಪ್ಪಾಗಿ ಬೇರೆ ಲಿಂಕ್ ಹಾಕಿಬಿಟ್ಟೆ’ ಅಂದ. ಬಂಧನವಾಯಿತು. ಲೈನ್ ತುಂಬಿಸಿದರೆ ಸಾಕು, ಒಳಗೆ ನುಗ್ಗುವುದೇ ಬೇಡ. ಈ ಲೆಕ್ಕದಲ್ಲಿ ನೋಡಿದರೆ ಹಾಸ್ಟೆಲ್ ಕೋಣೆಯಲ್ಲಿ ಬೆಟ್ ಕಟ್ಟಿ 108ಕ್ಕೆ ಸುಳ್ಳು ಕರೆ ಮಾಡುವವನೂ ಅದೇ ಕೆಲಸ ಮಾಡುತ್ತಿದ್ದಾನೆ, ಚಿಕ್ಕ ಪ್ರಮಾಣದಲ್ಲಿ. ಅಂಥವರು ನಮ್ಮ ನಡುವೆ ಇದ್ದಾರೆ, ನನಗೆ ಗೊತ್ತು, ನಿಮಗೂ ಗೊತ್ತು.

ದಾಳಿ ಗುರುತಿಸುವುದು ಹೇಗೆ ಅಂತ ನಾನು ಇಂಗ್ಲಿಷ್‌ನಲ್ಲಿ ಓದಿದ್ದನ್ನೆಲ್ಲ ಅಮ್ಮನಿಗೆ ಹೇಳಲು ಹೋದೆ. ಅವಳು ಅರ್ಧಕ್ಕೇ ನಿಲ್ಲಿಸಿ, ‘ಅದೆಲ್ಲ ಇರ್ಲಿ. ಆ ಹಿಂದಿನ ಶುಕ್ರವಾರದಿಂದಲೇ ಮೌಸ್ ತಾನಾಗೇ ಒಂದೆರಡು ಸಲ ಓಡಾಡಿತ್ತು. ಶನಿವಾರ ನನ್ನ ಪಾಸ್‌ವರ್ಡ್ ತಗೊಳ್ಳಲಿಲ್ಲ, ಎರಡನೇ ಸಲ ತಗೊಳ್ತು. ಆ್ಯಂಟಿವೈರಸ್ ಚಿಹ್ನೆ ಮೂಲೇಲಿ ಕಾಣ್ತಿರ್ಲಿಲ್ಲ’ ಅಂದಳು. ನಾನು ಬಾಯಿ ತೆರೆದುಕೊಂಡು ಕೂತೆ. ಯಾರಿಗೂ ಯಾಕೆ ಹೇಳಲಿಲ್ಲ ಅಂದರೆ, ‘ಹೇಳಿದ್ರೆ ನಿನಗೆ ಕಂಪ್ಯೂಟರ್ ಬರಲ್ಲ ಅಂತಾರೆ ಕಣೆ.’

ಈ ಇಡೀ ವಿಷಯದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಅಮ್ಮನ ಈ ಮಾತು. ಲಕ್ಷಾಂತರ ರೂಪಾಯಿಯ ಸಾಫ್ಟ್‌ವೇರ್ ಹಿಡಿಯುವ ಸುಳಿವುಗಳನ್ನು ಕೌಂಟರಿನ ಹೆಂಗಸು ಮೂರು ದಿನ ಮೊದಲೇ ನೋಡಿದ್ದಳು. ಹೇಳಿದರೆ ನಗುತ್ತಾರೆ ಅಂತ ಸುಮ್ಮನಿದ್ದಳು. ಕೊನೆಗೆ ಧೈರ್ಯ ಮಾಡಿ ಕೇಳಿದ್ದು ಮಗಳನ್ನು. ಮಗಳು ರೀಸ್ಟಾರ್ಟ್ ಮಾಡು ಅಂದಳು.

ಪಾಸ್‌ವರ್ಡ್ ಚೀಟಿಯ ಕಥೆಯೂ ಹೀಗೇ. ಅಮ್ಮನ ಮಾನಿಟರಿಗೆ ಪಾಸ್‌ವರ್ಡ್ ಬರೆದ ಹಳದಿ ಚೀಟಿ ಅಂಟಿಸಿತ್ತು. ನಮ್ಮ ಕ್ಲಾಸಿನಲ್ಲಿ ಇಂಥದ್ದನ್ನು ಜೋಕ್ ಮಾಡಿ ಹೇಳುತ್ತಾರೆ. ಆದರೆ ಮೂರು ಪಾಳಿಯವರಿಗೆ ಒಂದೇ ಲಾಗಿನ್ ಕೊಟ್ಟವರು ಯಾರು? ಹಾವು ಕಚ್ಚಿದವರನ್ನು ಎತ್ತಿಕೊಂಡು ಜನ ಓಡಿಬಂದಾಗ ಹನ್ನೆರಡು ಅಕ್ಷರದ ಪಾಸ್‌ವರ್ಡ್ ನೆನಪು ಮಾಡಿಕೊಳ್ಳುತ್ತಾ ಕೂರಲು ಆಗುತ್ತದೆಯೇ? ಕಾರ್ಡ್ ತಾಗಿಸಿದರೆ ತೆರೆಯುವ ವ್ಯವಸ್ಥೆ ಇದೆ, ದುಡ್ಡು ಖರ್ಚಾಗುತ್ತದೆ, ಅಷ್ಟೇ. ಕೆಲಸ ನಿಧಾನ ಮಾಡುವ ಭದ್ರತೆಯನ್ನು ತುರ್ತು ವಿಭಾಗದಲ್ಲಿ ಯಾರೇ ಆದರೂ ಬದಿಗಿಡುತ್ತಾರೆ. ನಾನಾದರೂ ಅದನ್ನೇ ಮಾಡುತ್ತಿದ್ದೆ.

ನಮ್ಮ ಬೀದಿಯಲ್ಲಿ ಖಾಸಗಿ ಆಂಬುಲೆನ್ಸ್ ಓಡಿಸುವ ಅಣ್ಣ ಒಬ್ಬರಿದ್ದಾರೆ. ಅವರ ಹತ್ತಿರ ಒಂದೇ ಮೊಬೈಲ್. ರೋಗಿಗಳ ಕರೆ, ಆಸ್ಪತ್ರೆಗಳ ವಾಟ್ಸ್‌ಆ್ಯಪ್ ಗುಂಪು, ಬಾಡಿಗೆ ದುಡ್ಡಿನ ಫೋನ್‌ಪೇ, ಮಕ್ಕಳ ರೀಲ್ಸ್ ಎಲ್ಲ ಅದರಲ್ಲೇ. ಒಂದು ದಿನ ‘ಆರ್‌ಟಿಒ ಚಲನ್’ ಅನ್ನುವ ಹೆಸರಿನ ಎಪಿಕೆ ಫೈಲ್ ಬಂತಂತೆ. ಸಿಗ್ನಲ್ ಜಂಪ್ ಮಾಡುವುದೇ ಕೆಲಸವಾದವರಿಗೆ ಚಲನ್ ಬಂದರೆ ನಂಬದೆ ಇರುತ್ತಾರೆಯೇ? ಒತ್ತಲು ಹೋಗಿ, ಡೌನ್‌ಲೋಡ್ ನಿಧಾನವಾಯಿತು ಅಂತ ನನಗೆ ತೋರಿಸಿದರು. ನೋಡಿ ಅಳಿಸಿದೆ. ದಂಡದ ವಿವರ ಎಪಿಕೆ ಫೈಲಿನಲ್ಲಿ ಬರುವುದಿಲ್ಲ ಅಂದೆ. ಅದನ್ನು ಹಾಕಿಕೊಂಡಿದ್ದರೆ ಎಸ್‌ಎಂಎಸ್ ಓದಿ ಖಾತೆಯ ದುಡ್ಡು ಹೋಗುವುದು ಒಂದು ಕಡೆ, ಫೋನ್ ಕೆಟ್ಟು ಕೂತರೆ ಅವರ ಗಾಡಿಯೇ ಊರಿಗೆ ಇಲ್ಲದ ಹಾಗೆ.

ಅವರಿಂದ ನಾನು ಕಲಿತದ್ದು ಬೇರೆ. ‘ಲೊಕೇಶನ್ ಕಳಿಸ್ತಾರಮ್ಮ, ಆದ್ರೆ ಕುಣಿಗಲ್ ಕಡೆ ತೋಟದ ಮನೆಗಳಿಗೆ ಮ್ಯಾಪ್ ನಂಬಿಕೊಂಡು ಹೋದ್ರೆ ಬೇಲಿ ಹತ್ರ ನಿಲ್ಸುತ್ತೆ. ನಾನು ಹಾಲಿನ ಡೇರಿ ಯಾವ ಕಡೆ ಅಂತ ಕೇಳ್ತೀನಿ. ಡೇರಿ ಇಲ್ಲದ ಊರಿಲ್ಲ’ ಅಂದರು. ನೆಟ್‌ವರ್ಕ್ ಸತ್ತ ದಿನ, ಜಿಪಿಎಸ್ ದಾರಿ ತಪ್ಪಿಸಿದ ದಿನ ಬೇಕಾಗುವುದು ಈ ಡೇರಿಯೇ.

ಹಾಗಾದರೆ ಏನು ಮಾಡಬೇಕಿತ್ತು? ಮೊದಲನೆಯದಾಗಿ, ನಾನು ಬಾಯಿ ಮುಚ್ಚಿಕೊಂಡು ಎರಡು ಪ್ರಶ್ನೆ ಕೇಳಬೇಕಿತ್ತು: ಬರೀ ನಿನ್ನ ಕಂಪ್ಯೂಟರೋ, ಪಕ್ಕದ್ದೂ ಹೀಗಾಗಿದೆಯೋ? ಫೈಲ್ ಹೆಸರು ನೀನು ನೋಡುತ್ತಿದ್ದಂತೆಯೇ ಬದಲಾಗುತ್ತಿದೆಯೋ? ಹೌದು ಅಂದರೆ ನೆಟ್‌ವರ್ಕ್ ಕೇಬಲ್ ಕೀಳು, ವೈಫೈ ಆಫ್ ಮಾಡು, ಪವರ್ ಮಾತ್ರ ಇರಲಿ ಅನ್ನಬೇಕಿತ್ತು. ರೀಸ್ಟಾರ್ಟ್ ಮಾಡಿದರೆ ಅರ್ಧಕ್ಕೆ ನಿಂತಿದ್ದ ಕೆಲಸವನ್ನು ಆ ಪ್ರೋಗ್ರಾಂ ಮುಂದುವರಿಸಬಹುದು; ಮೆಮೊರಿಯಲ್ಲಿದ್ದ ಸುಳಿವುಗಳು, ಕೆಲವೊಮ್ಮೆ ಬೀಗದ ಕೈಯ ಗುರುತೂ, ಅಳಿಸಿಹೋಗಬಹುದು. ಜಾಲದಿಂದ ಬಿಡಿಸಲು ಸಾಧ್ಯವೇ ಇಲ್ಲ ಅನ್ನುವಾಗ ಮಾತ್ರ ಪವರ್ ತೆಗೆಯುವುದು. ಚುಚ್ಚಿಟ್ಟ ಹಾರ್ಡ್‌ಡಿಸ್ಕ್, ಪೆನ್‌ಡ್ರೈವ್ ಕೂಡಲೇ ಕೀಳಬೇಕು. ಪರದೆಯ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಬೇಕು. ಅದೇ ಹೊತ್ತಿಗೆ ಆಂಬುಲೆನ್ಸ್‌ಗಳಿಗೆ, 108ಕ್ಕೆ, ಸುತ್ತಲಿನ ಆಸ್ಪತ್ರೆಗಳಿಗೆ ‘ನಮ್ಮಲ್ಲಿ ಇಂಥದ್ದು ಇಲ್ಲ’ ಅಂತ ಹೇಳಬೇಕು. ಈ ಕೊನೆಯದನ್ನು ಅಮ್ಮ ಯಾರೂ ಕಲಿಸದೆ ಮಾಡಿದ್ದಳು.

ಆಮೇಲೆ ದೂರು. ಕೇಂದ್ರದ ಸರ್ಟ್–ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಸಂಸ್ಥೆಗಳು ವರದಿ ಮಾಡಬೇಕು. ಜಿಲ್ಲೆಯಲ್ಲಿ ಸಿಇಎನ್ ಪೊಲೀಸ್ ಠಾಣೆ ಇದೆ. ದುಡ್ಡು ಹೋದ ಸೈಬರ್ ವಂಚನೆಗೆ 1930. ವಂಚನೆಯಾದ ಮೊದಲ ಗಂಟೆಗಳನ್ನು ಪೊಲೀಸರು ‘ಗೋಲ್ಡನ್ ಅವರ್’ ಅನ್ನುತ್ತಾರೆ. ಅಪಘಾತದ ಗಾಯಾಳುವಿನ ಮೊದಲ ಗಂಟೆಗೆ ವೈದ್ಯರು ಇಟ್ಟ ಹೆಸರೇ ಇದು. ಅಮ್ಮನ ಆಸ್ಪತ್ರೆಯವರು ದೂರು ಕೊಟ್ಟರೋ ಇಲ್ಲವೋ ಅವಳಿಗೆ ಗೊತ್ತಿಲ್ಲ. ಸಿಬ್ಬಂದಿಗೆ ಬಂದ ಸೂಚನೆ ಒಂದೇ, ‘ಹೊರಗೆ ಯಾರಿಗೂ ಹೇಳಬೇಡಿ.’ ಎಲ್ಲಿಂದ ಬಂತು, ಹೇಗೆ ಬಂತು ಅಂತ ಇವತ್ತಿಗೂ ಯಾರೂ ಅವಳಿಗೆ ಹೇಳಿಲ್ಲ. ಮರ್ಯಾದೆ ಹೋಗುತ್ತದೆ ಅನ್ನುವ ಭಯ ಅರ್ಥವಾಗುತ್ತದೆ. ಆದರೆ ಪಕ್ಕದ ರಸ್ತೆಯ ನರ್ಸಿಂಗ್ ಹೋಮ್‌ಗೂ ಅದೇ ಮೇಲ್ ಬಂದಿರಬಹುದಲ್ಲ? ಅವರಿಗೆ ಎಚ್ಚರಿಕೆ ಕೊಡುವವರು ಯಾರು?

ಅಮ್ಮ, ನಾನು ಕೂತು ಒಂದು ಹಾಳೆ ತಯಾರಿಸಿದೆವು. ಒಂದು ಬದಿ, ಕೇಬಲ್ ಕೀಳುವುದರಿಂದ ಶುರುವಾಗುವ ಐದು ಸಾಲು, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಇನ್ನೊಂದು ಬದಿ, ಕಂಪ್ಯೂಟರ್ ಇಲ್ಲದ ದಿನ ತುಂಬುವ ಫಾರಂ: ಕರೆ ಬಂದ ಸಮಯ, ಕರೆ ಮಾಡಿದವರ ನಂಬರ್, ಗುರುತಿನ ಜಾಗ (ಇಲ್ಲಿ ‘ಡೇರಿ/ಶಾಲೆ/ದೇವಸ್ಥಾನ’ ಅಂತ ಅಚ್ಚು ಹಾಕಿದೆವು), ಏನಾಗಿದೆ, ಯಾವ ಗಾಡಿ ಹೋಯಿತು. ಜೊತೆಗೆ ನಂಬರುಗಳ ಪಟ್ಟಿ. ಪಟ್ಟಿ ಹಳತಾದರೆ ಪ್ರಯೋಜನವಿಲ್ಲ, ತಿಂಗಳಿಗೊಮ್ಮೆ ಸರಿಪಡಿಸಬೇಕು ಅಂದೆ. ‘ಒಂದನೇ ತಾರೀಖು ಮರೆತುಹೋಗುತ್ತೆ, ಅಮಾವಾಸ್ಯೆ ಮರೆಯಲ್ಲ’ ಅಂದಳು. ಅಮಾವಾಸ್ಯೆಗೊಮ್ಮೆ ನಂಬರ್ ತಿದ್ದುವ ಸೈಬರ್ ಭದ್ರತಾ ನೀತಿ ಜಗತ್ತಿನಲ್ಲಿ ಇದೊಂದೇ ಇರಬೇಕು. ಮ್ಯಾನೇಜರ್ ‘ನೋಡೋಣ’ ಅಂದು ಡ್ರಾಯರಿಗೆ ಹಾಕಿದರು. ರಾತ್ರಿ ಪಾಳಿಯ ಸಿಸ್ಟರ್ ಒಬ್ಬರು ಅದನ್ನು ತೆಗೆದು ಪ್ಲಾಸ್ಟಿಕ್ ಹಾಕಿಸಿ ಗೋಡೆಗೆ ಅಂಟಿಸಿದರು.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಒಂದು ಮಾತು. ಸೈಬರ್ ಭದ್ರತೆ ಅಂದ ಕೂಡಲೇ ನಾವೆಲ್ಲ ಬ್ಯಾಂಕು, ಬೆಂಗಳೂರಿನ ದೊಡ್ಡ ಕಂಪನಿ ಅಂತ ನೋಡುತ್ತೇವೆ. ನಾನೂ ಹಾಗೇ ಇದ್ದೆ. ತಾಲ್ಲೂಕಿಗೆ ಹತ್ತಾರು ನರ್ಸಿಂಗ್ ಹೋಮ್, ಲ್ಯಾಬ್, ಆಂಬುಲೆನ್ಸ್ ಮಾಲೀಕರು ಇದ್ದಾರೆ. ಅವರಲ್ಲಿ ಎಷ್ಟು ಜನರ ಬ್ಯಾಕಪ್ ಅದೇ ಕಂಪ್ಯೂಟರಿಗೆ ಚುಚ್ಚಿಕೊಂಡು ಕೂತಿದೆ ಅಂತ ಹೋಗಿ ನೋಡಿ. ಅದಕ್ಕೆ ದೊಡ್ಡ ಸರ್ಟಿಫಿಕೇಟು ಬೇಡ. ಕೌಂಟರಿನವರ ಜೊತೆ ಕೂತು ಟೀ ಕುಡಿದು ಅವರ ದೂರು ಕೇಳುವ ತಾಳ್ಮೆ ಬೇಕು. ಸಂಬಳ ಕಮ್ಮಿ, ನಿಜ. ನಾನೇ ಹೋಗುತ್ತೇನೆಯೇ ಅಂತ ಕೇಳಿದರೆ ಈಗಲೇ ಉತ್ತರ ಇಲ್ಲ, ಮನೆ ಸಾಲ ಇದೆ. ನನ್ನ ಮಿನಿ ಪ್ರಾಜೆಕ್ಟ್ ಮಾತ್ರ ಇದೇ ವಿಷಯದ್ದು.

ಮೊನ್ನೆ ಮತ್ತೆ ಲ್ಯಾಬ್ ಹೊತ್ತಿನಲ್ಲಿ ಅಮ್ಮನ ಫೋನ್. ಎದೆ ಧಸಕ್ಕೆಂದಿತು.

‘ಸಿಸ್ಟಮ್ ತುಂಬಾ ಸ್ಲೋ ಆಯ್ತು, ಸ್ಕ್ರೀನ್ ನೀಲಿ ಆಯ್ತು. ಕೇಬಲ್ ಕಿತ್ತಿದೀನಿ. ಪಕ್ಕದ ಕೌಂಟರಿನವಳಿಗೂ ಕೀಳಿಸಿದೀನಿ. ಫಾರಂ ತೆಗ್ದಿದೀನಿ. ಎರಡೂ ಗಾಡಿಯವ್ರಿಗೆ ಹೇಳಾಯ್ತು. ಕಂಪ್ಯೂಟರ್‌ನೋರು ಬರ್ತಿದಾರೆ. ಸುಮ್ನೆ ನಿಂಗೆ ಹೇಳೋಣ ಅಂತ.’

ಅದು ವಿಂಡೋಸ್ ಅಪ್‌ಡೇಟ್. ಬಂದವರು ನೋಡಿ ನಕ್ಕರಂತೆ. ಹನ್ನೊಂದು ನಿಮಿಷ ಕೌಂಟರ್ ಕಾಗದದ ಮೇಲೆ ನಡೆಯಿತು, ನಾಲ್ಕು ಜನ ರೋಗಿಗಳ ಹೆಸರು ಅಮ್ಮನ ದುಂಡು ಅಕ್ಷರದಲ್ಲಿ ದಾಖಲಾಯಿತು. ಸಂಜೆ ಮನೆಗೆ ಬಂದವಳು ಚೀಲ ಇಟ್ಟು, ಕಾಲು ತೊಳೆದು, ‘ಆ ಫಾರಂನಲ್ಲಿ ವಯಸ್ಸು ಬರೆಯೋಕೆ ಜಾಗನೇ ಬಿಟ್ಟಿಲ್ವಲ್ಲೇ, ಎಂಥ ಎಂಜಿನಿಯರ್ ನೀನು’ ಅಂದಳು.